ಜ್ಯೂಸ್ ಅಂಗಡಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಸ್ವಂತ ಶ್ರಮದಿಂದ ಮೇಲೆ ಬಂದ ಒಬ್ಬ ಉದ್ಯಮಿಯ ಬಗ್ಗೆ ಕಾಲೇಜಿನಲ್ಲಿ ಹತ್ತು ನಿಮಿಷ ಮಾತಾಡಬೇಕಿತ್ತು. ಅವಳು ಟಿ-ಸೀರೀಸ್ ಕಂಪನಿ ಕಟ್ಟಿದ ಗುಲ್ಶನ್ ಕುಮಾರ್ ಅವರನ್ನು ಆರಿಸಿಕೊಂಡಳು. ಬರೆದುಕೊಂಡಿದ್ದನ್ನು ನನ್ನ ಮುಂದೆ ಓದಿದಳು. ದಿಲ್ಲಿಯ ದರಿಯಾಗಂಜಿನಲ್ಲಿ ಅಪ್ಪನ ಜೊತೆ ಹಣ್ಣಿನ ಜ್ಯೂಸ್ ಮಾರುತ್ತಿದ್ದ ಹುಡುಗ, ಕಷ್ಟಪಟ್ಟು ದುಡಿದ, ಕ್ಯಾಸೆಟ್ ರಾಜ ಆದ, ದೇವಸ್ಥಾನದ ಎದುರು ಗುಂಡೇಟಿಗೆ ಬಲಿಯಾದ. ಅಷ್ಟೇ. ಎಲ್ಲಿಂದ ತಗೊಂಡೆ ಅಂತ ಕೇಳಿದೆ. ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ, ಎಲ್ಲಾ ಕಡೆ ಹೀಗೇ ಇದೆ ಮಾವ ಅಂದಳು.

ಆಗಸ್ಟ್ ಬಂತೆಂದರೆ ಅವರ ಪುಣ್ಯತಿಥಿಗೆ ಬರುವ ಬರಹಗಳನ್ನು ನಾನೂ ಓದುತ್ತೇನೆ. ನಿಮ್ಮ ಪತ್ರಿಕೆಯಲ್ಲೂ ಓದಿದ್ದೇನೆ. ಮೊದಲ ಸಾಲಿನಲ್ಲಿ ಜ್ಯೂಸ್ ಅಂಗಡಿ, ಕೊನೆಯ ಸಾಲಿನಲ್ಲಿ ಪಿಸ್ತೂಲು. ಮಧ್ಯದ್ದು ಎಲ್ಲಿ ಹೋಯ್ತು? ಕಷ್ಟಪಟ್ಟಿದ್ದು ನಿಜ, ಅದನ್ನು ಇಲ್ಲ ಅನ್ನುತ್ತಿಲ್ಲ. ಆದರೆ ದರಿಯಾಗಂಜಿನಲ್ಲಿ ಕಷ್ಟಪಟ್ಟು ಜ್ಯೂಸ್ ಹಿಂಡಿದವರು ಅವರೊಬ್ಬರೇ ಇರಲಿಕ್ಕಿಲ್ಲ ಅಲ್ವಾ? ಉಳಿದವರು ಯಾಕೆ ಕ್ಯಾಸೆಟ್ ಕಂಪನಿ ಕಟ್ಟಲಿಲ್ಲ, ಇವರು ಹೇಗೆ ಕಟ್ಟಿದರು ಅನ್ನೋದನ್ನು ಹೇಳದೆ ಬರೀ 'ಶ್ರಮ, ಛಲ' ಅಂತ ಬರೆದರೆ ಓದುವ ಹುಡುಗರಿಗೆ ಏನು ಸಿಗುತ್ತೆ? ನಾನು ಆ ಮಧ್ಯದ ಭಾಗವನ್ನು ಅಂಗಡಿಯ ಕೌಂಟರ್ ಹಿಂದೆ ನಿಂತು ನೋಡಿದವನು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತೆ, ಕ್ಷಮೆ ಇರಲಿ.

ಅಂಕೋಲಾ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಕ್ಯಾಸೆಟ್ ಅಂಗಡಿ ಇತ್ತು. 1985ರಲ್ಲಿ ನನ್ನ ಅಣ್ಣ ಶುರು ಮಾಡಿದ್ದು, ಆಮೇಲೆ ನಾನು ನೋಡಿಕೊಂಡೆ. ಆರಡಿ ಅಗಲ, ಒಳಗೆ ಒಬ್ಬರೇ ನಿಲ್ಲಬಹುದು. ಮೂರು ಗೋಡೆಗೂ ಮರದ ಶೆಲ್ಫು, ಹೊರಗೆ ಒಂದು ದೊಡ್ಡ ಸ್ಪೀಕರ್. ಮಾಲು ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಬರುತ್ತಿತ್ತು. ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆ ಒದ್ದೆಯಾಗಿ ಒಳಗಿನ ಕವರ್ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದೊಂದೇ ಬಿಡಿಸಿ ಫ್ಯಾನಿನ ಕೆಳಗೆ ಹರಡಬೇಕಿತ್ತು.

ಅದಕ್ಕೆ ಮೊದಲು ಹಾಡು ಕೇಳೋದು ಎಂದರೆ ರೇಡಿಯೋ. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದ್ದವರು ಊರಿಗೆ ನಾಲ್ಕು ಮಂದಿ. ದೇಶದಲ್ಲಿ ಹಾಡಿನ ವ್ಯಾಪಾರ ಎಂದರೆ ಎಚ್‌ಎಂವಿ, ಅಂದರೆ ಗ್ರಾಮೊಫೋನ್ ಕಂಪನಿ. ನಾಯಿ ಕೂತು ಕೇಳುವ ಚಿತ್ರದ್ದು, ಈಗ ಸರೆಗಮ ಅಂತ ಹೆಸರು ಬದಲಾಗಿದೆ. ಕಲ್ಕತ್ತಾದ ಡಂಡಂನಲ್ಲಿ ಅವರ ಕಾರ್ಖಾನೆ. ಪಾಲಿಡೋರ್ ಅಂತ ಇನ್ನೊಂದಿತ್ತು, ಆದರೂ ರಾಜ್ಯಭಾರ ಎಚ್‌ಎಂವಿಯದೇ. ಹಳೆಯ ಹಿಂದಿ ಹಾಡುಗಳು ಬಹುತೇಕ ಅವರ ಕೈಯಲ್ಲಿದ್ದವು.

ಎಪ್ಪತ್ತರ ದಶಕದ ಕೊನೆಗೆ ಟೇಪ್ ರೆಕಾರ್ಡರ್ ಬರಲು ಶುರುವಾಯಿತು. ನಮ್ಮ ಕಡೆ ಅದು ಬಂದಿದ್ದು ಎರಡು ದಾರಿಯಲ್ಲಿ. ಮುಂಬೈನ ಹೋಟೆಲುಗಳಲ್ಲಿ ಕೆಲಸಕ್ಕಿದ್ದವರು ಚೌತಿಗೆ ಊರಿಗೆ ಬರುವಾಗ ತಂದರು. ಗಲ್ಫಿಗೆ ಹೋದವರು ತಂದಿದ್ದು ಭಟ್ಕಳದ ಪೇಟೆಯಲ್ಲಿ ಮಾರಾಟಕ್ಕೆ ಸಿಗುತ್ತಿತ್ತು. ಟು ಇನ್ ಒನ್ ಅನ್ನುತ್ತಿದ್ದೆವು, ರೇಡಿಯೋ ಮತ್ತು ಟೇಪು ಎರಡೂ ಒಂದರಲ್ಲೇ. ಹೀಗೆ ಮನೆ ಮನೆಗೆ ಮೆಷಿನ್ ಬಂತು. ಅದರೊಳಗೆ ಹಾಕಲು ಕ್ಯಾಸೆಟ್ ಮಾತ್ರ ಸಾಕಷ್ಟು ಬರುತ್ತಿರಲಿಲ್ಲ. ಬಂದರೂ ದುಬಾರಿ. ಕೂಲಿಯವರಿಗೆ ಒಂದು ದಿನದ ಸಂಬಳ ಕೊಟ್ಟರೂ ಒಂದು ಒಳ್ಳೆ ಕ್ಯಾಸೆಟ್ ಬರುತ್ತಿರಲಿಲ್ಲ.

ಗುಲ್ಶನ್ ಕುಮಾರ್ ಕಣ್ಣಿಗೆ ಬಿದ್ದಿದ್ದು ಇದೇ. ಅವರ ಮನೆಯವರು ದೇಶ ವಿಭಜನೆಯ ಸಮಯದಲ್ಲಿ ಆ ಕಡೆಯ ಪಂಜಾಬಿನಿಂದ ದಿಲ್ಲಿಗೆ ಬಂದವರು. ತಂದೆ ಚಂದ್ರಭಾನ್ ಅವರದ್ದು ಜ್ಯೂಸ್ ವ್ಯಾಪಾರ. ಆಮೇಲೆ ಮನೆಯವರು ರೆಕಾರ್ಡು, ಅಗ್ಗದ ಕ್ಯಾಸೆಟ್ ಮಾರುವ ಅಂಗಡಿಯೊಂದನ್ನು ತೆಗೆದುಕೊಂಡರು. ಈ ಅಂಗಡಿಯ ವಿಷಯವನ್ನು ಬರೆಯುವವರು ಬಿಟ್ಟೇ ಬಿಡುತ್ತಾರೆ. ಜ್ಯೂಸಿನಿಂದ ಸೀದಾ ಕಂಪನಿಗೆ ಹಾರಿಸುತ್ತಾರೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದದ್ದು ಈ ಅಂಗಡಿ. ಕೌಂಟರ್‌ನಲ್ಲಿ ನಿಂತವನಿಗೆ ಮಾತ್ರ ಒಂದು ವಿಷಯ ಗೊತ್ತಾಗುತ್ತೆ: ಯಾರು ಕ್ಯಾಸೆಟ್ ಕೈಯಲ್ಲಿ ಹಿಡಿದು, ತಿರುಗಿಸಿ, ಬೆಲೆ ನೋಡಿ, ಸುಮ್ನೆ ವಾಪಸ್ ಇಟ್ಟು ಹೋದರು ಅಂತ. ಡಂಡಂನಲ್ಲಿ ಕೂತ ದೊಡ್ಡ ಕಂಪನಿಗೆ ಮಾರಾಟವಾದ ಲೆಕ್ಕ ಸಿಗುತ್ತೆ. ವಾಪಸ್ ಇಟ್ಟು ಹೋದವರ ಲೆಕ್ಕ ಸಿಗೋದಿಲ್ಲ. ನಾನೂ ಅಂಥವರನ್ನು ದಿನಾ ನೋಡಿದ್ದೇನೆ. ಮೀನು ಮಾರಿ ಮನೆಗೆ ಹೋಗುವ ಹೆಂಗಸರು ಸ್ಪೀಕರ್ ಎದುರು ಬುಟ್ಟಿ ಇಳಿಸಿ, ಒಂದು ಹಾಡು ಪೂರ್ತಿ ಕೇಳಿ, ಬೆಲೆ ಕೇಳಿ ನಕ್ಕು ಹೋಗುತ್ತಿದ್ದರು.

1983ರ ಜುಲೈನಲ್ಲಿ ಗುಲ್ಶನ್ ಕುಮಾರ್ ಸೂಪರ್ ಕ್ಯಾಸೆಟ್ಸ್ ಇಂಡಸ್ಟ್ರೀಸ್ ಅಂತ ಶುರು ಮಾಡಿದರು. ಟಿ-ಸೀರೀಸ್ ಅನ್ನೋದು ಅದರ ಬ್ರ್ಯಾಂಡ್. ಆ 'ಟಿ' ಶಿವನ ತ್ರಿಶೂಲದ್ದು ಅಂತ ಹೇಳುತ್ತಾರೆ. ದಿಲ್ಲಿ ಪಕ್ಕದ ನೋಯ್ಡಾದಲ್ಲಿ ಕಾರ್ಖಾನೆ ಹಾಕಿದರು. ಖಾಲಿ ಕ್ಯಾಸೆಟ್ಟು ಮಾಡುವುದು, ಹಾಡು ತುಂಬಿಸುವುದು, ಕವರ್ ಹಾಕಿ ಪ್ಯಾಕ್ ಮಾಡುವುದು, ಎಲ್ಲಾ ಒಂದೇ ಕಡೆ. ಬೇರೆಯವರ ಹತ್ತಿರ ಬಿಡಿ ಬಿಡಿಯಾಗಿ ಕೊಳ್ಳದೆ ತಾವೇ ಮಾಡಿದ್ದರಿಂದ ಖರ್ಚು ಇಳಿಯಿತು. ಉಳಿದ ದುಡ್ಡನ್ನು ಲಾಭ ಅಂತ ಇಟ್ಟುಕೊಳ್ಳದೆ ಬೆಲೆಯಲ್ಲೇ ಬಿಟ್ಟರು. ನಮ್ಮ ಅಂಗಡಿಯಲ್ಲಿ ಎಚ್‌ಎಂವಿಯ ಒಂದು ಕ್ಯಾಸೆಟ್ಟಿನ ದುಡ್ಡಿಗೆ ಟಿ-ಸೀರೀಸಿನ ಎರಡು ಹೆಚ್ಚುಕಡಿಮೆ ಬರುತ್ತಿದ್ದವು. ಒಂದೊಂದರಲ್ಲಿ ಸಿಗುವ ಲಾಭ ಕಡಿಮೆ, ಮಾರಾಟ ಜಾಸ್ತಿ. ಬುಟ್ಟಿ ಇಳಿಸಿದ ಹೆಂಗಸರು ಆಗ ಸೆರಗಿನ ಗಂಟು ಬಿಚ್ಚಿದರು.

ಇನ್ನೊಂದು ಬದಲಾವಣೆಯೂ ಆಯಿತು. ಹಿಂದೆ ಹಾಡು ಬೇಕಾದರೆ ಪೇಟೆಯ ಸಂಗೀತದ ಅಂಗಡಿಗೇ ಹೋಗಬೇಕಿತ್ತು. ಗುಲ್ಶನ್ ಕುಮಾರ್ ಕ್ಯಾಸೆಟ್ಟನ್ನು ಕಿರಾಣಿ ಅಂಗಡಿ, ಬೀಡಾ ಅಂಗಡಿಗೆಲ್ಲ ಮುಟ್ಟಿಸಿದರು. ಸಾಬೂನು, ಬೆಂಕಿಪೊಟ್ಟಣ ಇರುವಲ್ಲಿ ಹಾಡೂ ಇರಬೇಕು ಅನ್ನೋ ಲೆಕ್ಕ. ಜ್ಯೂಸ್ ಮಾರಿದವರಿಗೆ ಇದು ಹೊಳೆಯಿತು ಅನ್ನೋದು ನನಗೆ ಆಶ್ಚರ್ಯ ಅಲ್ಲ. ಬಾಯಾರಿದವನು ಜ್ಯೂಸ್ ಹುಡುಕಿಕೊಂಡು ಪೇಟೆಯ ಆ ತುದಿಗೆ ಹೋಗೋದಿಲ್ಲ, ದಾರಿಯಲ್ಲಿ ಸಿಕ್ಕಿದರೆ ಕುಡಿಯುತ್ತಾನೆ.

ಇಲ್ಲಿಯವರೆಗೆ ಹೇಳಿದರೆ ಎಲ್ಲರಿಗೂ ಖುಷಿ. ಮುಂದಿನದನ್ನೂ ಹೇಳಬೇಕು. ಅಕ್ಕನ ಮಗಳಿಗೆ ಇದನ್ನು ಹೇಳುವಾಗ ಅವಳ ಮುಖ ಸಣ್ಣದಾಯಿತು, ಆದರೂ ಹೇಳಿದೆ.

ಹಳೆಯ ಹಾಡುಗಳ ಹಕ್ಕು ಎಚ್‌ಎಂವಿಯದ್ದು ಅಂದೆನಲ್ಲ, ಹೊಸ ಕಂಪನಿಗೆ ಮಾರಲು ಹಾಡು ಎಲ್ಲಿಂದ ಬರಬೇಕು? ನಮ್ಮ 1957ರ ಕೃತಿಸ್ವಾಮ್ಯ ಕಾನೂನಿನಲ್ಲಿ ಒಂದು ದಾರಿ ಇತ್ತು. ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಬಂದ ಮೇಲೆ, ಹಕ್ಕುದಾರರಿಗೆ ನೋಟಿಸ್ ಕೊಟ್ಟು, ಗೊತ್ತುಪಡಿಸಿದ ರಾಯಲ್ಟಿ ಕಟ್ಟಿ, ಅದೇ ಹಾಡನ್ನು ಬೇರೆಯವರ ದನಿಯಲ್ಲಿ ಹಾಡಿಸಿ ಮಾರಬಹುದು. ಆ ಕಾನೂನು ಎಲ್ಲರಿಗೂ ಇತ್ತು. ಅದನ್ನು ಇಷ್ಟು ದೊಡ್ಡದಾಗಿ ಬಳಸಿದ್ದು ಗುಲ್ಶನ್ ಕುಮಾರ್. ರಫಿ, ಮುಕೇಶ್, ಕಿಶೋರ್ ಅವರ ಹಾಡುಗಳನ್ನು ಹೊಸ ಹುಡುಗರ ಕೈಯಲ್ಲಿ ಹಾಡಿಸಿದರು. 'ಯಾದೇಂ', ಅಂದರೆ ನೆನಪುಗಳು, ಅಂತ ಸಾಲು ಸಾಲು ಕ್ಯಾಸೆಟ್ ಬಂದವು. ಕುಮಾರ್ ಸಾನು ಕಿಶೋರ್ ಹಾಡುಗಳನ್ನು ಹಾಡಿದರು, ಸೋನು ನಿಗಮ್ ರಫಿ ಹಾಡುಗಳನ್ನು ಹಾಡಿದರು.

ಅಂಗಡಿಯಲ್ಲಿ ಇದರಿಂದ ನಮಗೆ ದಿನಾ ತಲೆನೋವು. ಒಂದು ಸಲ ಒಬ್ಬ ನಿವೃತ್ತ ಮಾಸ್ತರು ಮುಕೇಶ್ ಹಾಡಿನ ಕ್ಯಾಸೆಟ್ ಒಯ್ದವರು ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. "ತಮ್ಮಾ, ಹಾಡು ಅದೇ, ಮುಕೇಶ್ ಅಲ್ಲವಲ್ಲೋ ಇದು" ಅಂದರು. ಸಿಟ್ಟು ಮಾಡಲಿಲ್ಲ. ಮನೆಯವರನ್ನು ಕಳೆದುಕೊಂಡು ಒಬ್ಬರೇ ಇದ್ದವರು, ಹಳೆಯ ದನಿ ಕೇಳಬೇಕು ಅಂತ ಆಸೆಪಟ್ಟು ಒಯ್ದಿದ್ದರು. ಕ್ಯಾಸೆಟ್ ವಾಪಸ್ ತಗೊಂಡು ದುಡ್ಡು ಕೊಟ್ಟೆ. ಆಮೇಲೆ ಕವರಿನ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದ ಹೆಸರನ್ನು ಗಿರಾಕಿಗೆ ಓದಿ ಹೇಳದೆ ನಾನು ಯಾವ ಕ್ಯಾಸೆಟ್ಟನ್ನೂ ಮಾರಲಿಲ್ಲ. 1994ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಜನರನ್ನು ದಾರಿ ತಪ್ಪಿಸುವಂಥ ಕವರ್, ಲೇಬಲ್ ಇರಬಾರದು ಅಂತ ಅದರಲ್ಲಿ ಸೇರಿಸಿದರು. ಹಾಗೆ ಸೇರಿಸಬೇಕಾಗಿ ಬಂತು ಅಂದರೆ ದೇಶದಲ್ಲಿ ಅಂಥ ಮಾಸ್ತರುಗಳು ಎಷ್ಟು ಜನ ಇದ್ದಿರಬೇಕು ನೋಡಿ.

ಕಾನೂನಿನ ಒಳಗಿನ ಮಾತು ಅದು. ಅದರ ಹೊರಗೂ ನಡೆದಿದೆ ಅನ್ನೋ ಆರೋಪ ಆ ಕಂಪನಿಯ ಮೊದಲ ವರ್ಷಗಳ ಮೇಲೆ ಇತ್ತು. ಬೇರೆ ಕಂಪನಿಯ ಹಾಡುಗಳನ್ನೇ ನಕಲು ಮಾಡಿ ಮಾರಿದರು ಅಂತ ಸಂಗೀತದ ವ್ಯಾಪಾರದಲ್ಲಿ ಬಹಿರಂಗವಾಗಿ ಮಾತು ಕೇಳಿಬರುತ್ತಿತ್ತು. ಕ್ಯಾಸೆಟ್ ಯುಗದ ಬಗ್ಗೆ ಅಧ್ಯಯನ ಮಾಡಿದವರೂ ಅದನ್ನು ಬರೆದಿದ್ದಾರೆ. ಗುಲ್ಶನ್ ಕುಮಾರ್ ಅವರನ್ನು ಮೆಚ್ಚುವ ನಾನು ಇದನ್ನು ಮುಚ್ಚಿಟ್ಟರೆ ಅದು ಸರಿಯಲ್ಲ.

ನಮ್ಮ ಅಂಗಡಿಯೂ ಇದರಲ್ಲಿ ಪಾಲುದಾರ. ಆ ಕಾಲದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವರೆಲ್ಲ 'ಹಾಡು ತುಂಬಿಸಿ ಕೊಡಲಾಗುವುದು' ಅಂತ ಬೋರ್ಡ್ ಹಾಕುತ್ತಿದ್ದರು. ಗಿರಾಕಿ ನೋಟುಬುಕ್ಕಿನ ಹಾಳೆಯಲ್ಲಿ ಹದಿನೈದು ಹಾಡು ಬರೆದುಕೊಂಡು ಬರುತ್ತಿದ್ದ. ನಾವು ಎರಡು ಡೆಕ್ ಜೋಡಿಸಿ ಖಾಲಿ ಸಿ-60, ಸಿ-90ಯಲ್ಲಿ, ಅಂದರೆ ಅರವತ್ತು, ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ, ತುಂಬಿಸುತ್ತಿದ್ದೆವು. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹೆಡ್ ಒರೆಸುವುದು, ಸಿಕ್ಕಿಕೊಂಡ ರೀಲನ್ನು ಬಾಲ್‌ಪೆನ್ ಹಾಕಿ ಸುತ್ತುವುದು, ಎ ಸೈಡ್ ಮುಗಿಯುವಾಗ ಹಾಡು ಅರ್ಧಕ್ಕೆ ಕಡಿಯದ ಹಾಗೆ ನಿಮಿಷ ಲೆಕ್ಕ ಹಾಕುವುದು. ಇದೆಲ್ಲಾ ನಮಗೆ ಕೆಲಸದ ಹಾಗೆ ಕಂಡಿತೇ ಹೊರತು ತಪ್ಪು ಅಂತ ಅನ್ನಿಸಿರಲಿಲ್ಲ. ಹಾಡು ಬರೆದವರ, ಹಾಡಿದವರ ಜೇಬಿನಿಂದ ತೆಗೆಯುತ್ತಿದ್ದೇವೆ ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ. ತಿಳಿದಾಗ ಬೇಸರ ಆಯಿತು, ಈಗಲೂ ಇದೆ.

ಆದರೆ ಗುಲ್ಶನ್ ಕುಮಾರ್ ಅಲ್ಲಿಗೇ ನಿಲ್ಲಲಿಲ್ಲ. ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಗ್ಗದ ಕ್ಯಾಸೆಟ್ಟಿನಲ್ಲಿ ದುಡಿದ ದುಡ್ಡನ್ನು ಹೊಸ ಹಾಡಿಗೆ ಹಾಕಿದರು. 1988ರಲ್ಲಿ 'ಕಯಾಮತ್ ಸೇ ಕಯಾಮತ್ ತಕ್' ಹಾಡುಗಳು ಟಿ-ಸೀರೀಸಿನಲ್ಲಿ ಬಂದವು. ಆ ವರ್ಷ ನಮ್ಮ ಅಂಗಡಿಯ ಸ್ಪೀಕರ್‌ನಲ್ಲಿ ಬೇರೆ ಏನು ಹಾಕಿದರೂ ಎದುರಿನ ಚಹಾ ಅಂಗಡಿಯವರು ಅದನ್ನೇ ಹಾಕು ಅನ್ನುತ್ತಿದ್ದರು. ಮರುವರ್ಷ ಗುಲ್ಶನ್ ಕುಮಾರ್ ಸಿನಿಮಾ ಮಾಡುವುದಕ್ಕೂ ಇಳಿದರು. 1990ರಲ್ಲಿ 'ಆಶಿಕಿ' ಬಂತು. ಮಹೇಶ್ ಭಟ್ ನಿರ್ದೇಶನ, ನದೀಮ್-ಶ್ರವಣ್ ಸಂಗೀತ. ಅದರಲ್ಲಿ ಹಾಡುಗಳು ಮೊದಲು ಹುಟ್ಟಿದವು, ಸಿನಿಮಾ ಆಮೇಲೆ. ಹೊಸ ನಾಯಕ, ಹೊಸ ನಾಯಕಿ. ಪೋಸ್ಟರಿನಲ್ಲಿ ಅವರ ಮುಖ ಕೂಡ ಇರಲಿಲ್ಲ, ಇಬ್ಬರೂ ಒಂದು ಕೋಟಿನ ಅಡಿಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಹಾಡೇ ಗಿರಾಕಿಯನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಬರುತ್ತೆ ಅನ್ನೋ ನಂಬಿಕೆ ಅಷ್ಟಿತ್ತು.

ಆಶಿಕಿಯ ಕ್ಯಾಸೆಟ್ ನಮ್ಮಲ್ಲಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹುಬ್ಬಳ್ಳಿಯಿಂದ ಐವತ್ತು ಬಂದಿತ್ತು. ಸಂಜೆ ಬಸ್ಸಿನ ಮೇಲಿಂದ ಪೆಟ್ಟಿಗೆ ಇಳಿಸಿ ಅಂಗಡಿಗೆ ತರುವಷ್ಟರಲ್ಲಿ ಕಾಲೇಜು ಹುಡುಗರು ಬಂದು ನಿಂತಿದ್ದರು. ಪೆಟ್ಟಿಗೆಯ ಹಗ್ಗ ಕತ್ತರಿಸಿದ್ದೂ ಅವರೇ. ರಾತ್ರಿ ಬಾಗಿಲು ಹಾಕುವಾಗ ನನಗೇ ಕೇಳಲು ಒಂದೂ ಉಳಿದಿರಲಿಲ್ಲ. ಆ ಹಾಡುಗಳನ್ನು ಬಹುತೇಕ ಹಾಡಿದ್ದು ಕುಮಾರ್ ಸಾನು ಮತ್ತು ಅನುರಾಧಾ ಪೌಡ್ವಾಲ್. ಕಿಶೋರ್ ನೆನಪಿನ ಕ್ಯಾಸೆಟ್ಟಿನಲ್ಲಿ ಹಾಡಿದ ಹುಡುಗ ಈಗ ತನ್ನದೇ ಹಾಡಿನಿಂದ ದೇಶಕ್ಕೆಲ್ಲ ಗೊತ್ತಾದ.

ಅನುರಾಧಾ ಪೌಡ್ವಾಲ್ ನಮ್ಮ ಕಾರವಾರದವರು. ಹುಟ್ಟಿದ ಮನೆಯ ಹೆಸರು ಅಲ್ಕಾ ನಾಡಕರ್ಣಿ, ಬೆಳೆದಿದ್ದು ಮುಂಬೈಯಲ್ಲಿ. ಅಂಕೋಲಾದಿಂದ ಕಾರವಾರ ಎಷ್ಟು ದೂರ, ಬಸ್ಸಿನಲ್ಲಿ ಒಂದು ಗಂಟೆ. ಆದರೂ ಈ ವಿಷಯ ನಮ್ಮ ಅಂಗಡಿಗೆ ಬರುವ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಹೇಳಿದರೆ ನಂಬುತ್ತಿರಲಿಲ್ಲ. ಸೋನು ನಿಗಮ್ ವಿಷಯವೂ ಹಾಗೆ. 2006ರಲ್ಲಿ 'ಮುಂಗಾರು ಮಳೆ' ಹಾಡು ಕೇಳಿ ನಮ್ಮ ಹುಡುಗರೆಲ್ಲ ಅವರ ದನಿಗೆ ಮರುಳಾದರಲ್ಲ, ಆ ದನಿಯನ್ನು ನಾವು ಅಂಗಡಿಯವರು ಹತ್ತು ಹದಿನೈದು ವರ್ಷ ಮೊದಲೇ ರಫಿ ಹಾಡುಗಳ ಅಗ್ಗದ ಕ್ಯಾಸೆಟ್ಟಿನಲ್ಲಿ ಕೇಳಿದ್ದೆವು. ಯಾವ ಕ್ಯಾಸೆಟ್ಟುಗಳಿಂದ ಮಾಸ್ತರಂಥ ಗಿರಾಕಿಗಳಿಗೆ ಬೇಸರ ಆಯಿತು ಅಂತ ನಾನು ಮೇಲೆ ಬರೆದೆನೋ ಅದೇ ಕ್ಯಾಸೆಟ್ಟುಗಳು ಮುಂಬೈಯಲ್ಲಿ ಪರಿಚಯದವರಿಲ್ಲದ ಹೊಸ ಹುಡುಗರಿಗೆ ಮೈಕಿನ ಮುಂದೆ ನಿಲ್ಲಲು ಜಾಗ ಕೊಟ್ಟವು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಬರೋದಿಲ್ಲ. ಎರಡೂ ನಡೆದಿದ್ದು ನಿಜ, ಎರಡನ್ನೂ ಬರೆಯಬೇಕು.

ಭಕ್ತಿಗೀತೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸಿನಿಮಾ ಹಾಡಿಗೆ ಆರು ತಿಂಗಳು ಆಯುಷ್ಯ, ದೇವರ ಹಾಡು ವರ್ಷವೂ ಹೋಗುತ್ತೆ ಅಂತ ಅಂಗಡಿಯವರಿಗೆಲ್ಲ ಗೊತ್ತಿತ್ತು. ಗುಲ್ಶನ್ ಕುಮಾರ್ ಅದನ್ನು ಬರೀ ವ್ಯಾಪಾರ ಅಂತ ಮಾಡಿದರು ಅಂತ ನನಗೆ ಅನ್ನಿಸೋದಿಲ್ಲ. ಅವರು ಶಿವನ ಭಕ್ತರು, ವೈಷ್ಣೋದೇವಿ ಭಕ್ತರು. ವೈಷ್ಣೋದೇವಿ ದಾರಿಯಲ್ಲಿ ಅವರು ಶುರು ಮಾಡಿದ ಉಚಿತ ಊಟದ ಭಂಡಾರ ಈಗಲೂ ನಡೆಯುತ್ತಿದೆ. ಹರಿಹರನ್ ಹಾಡಿದ ಹನುಮಾನ್ ಚಾಲೀಸಾದ ವಿಡಿಯೋದಲ್ಲಿ ಸ್ವತಃ ಅವರೇ ಕಾಣಿಸಿಕೊಂಡಿದ್ದಾರೆ. ಯೂಟ್ಯೂಬಿನಲ್ಲಿ ಅದನ್ನು ನೋಡಿದ್ದು 300 ಕೋಟಿ ಸಲ ಯಾವತ್ತೋ ದಾಟಿದೆ. ಆ ವಿಡಿಯೋ ನೋಡುವ ಈಗಿನ ಹುಡುಗರಿಗೆ ಕೈಮುಗಿದು ನಿಂತ ಆ ಮನುಷ್ಯ ಯಾರು ಅಂತ ಗೊತ್ತಿಲ್ಲ. ಬಹುಶಃ ಅವರಿಗೆ ಅದು ಇಷ್ಟವೇ ಆಗುತ್ತಿತ್ತೇನೋ.

ತೊಂಬತ್ತರ ದಶಕದ ಶುರುವಿಗೆ ದೇಶದಲ್ಲೇ ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿನಲ್ಲಿ ಅವರ ಹೆಸರಿತ್ತು. ಅದೇ ಹೆಸರು ಮುಂಬೈಯ ಹಫ್ತಾ ವಸೂಲಿಯವರ ಕಣ್ಣಿಗೂ ಬಿತ್ತು. 1997ರ ಆಗಸ್ಟ್ 12, ಮಂಗಳವಾರ. ಅಂಧೇರಿಯ ಜೀತೇಶ್ವರ ಮಹಾದೇವ ಮಂದಿರದಲ್ಲಿ ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದವರನ್ನು ಗುಂಡಿಟ್ಟು ಕೊಂದರು. ಕಾಪಾಡಲು ಹೋದ ಅವರ ಡ್ರೈವರ್‌ಗೂ ಗುಂಡು ತಗುಲಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವಕ್ಕೆ ಮೂರೇ ದಿನ ಇತ್ತು. ಶಾಲೆಗಳವರು ದೇಶಭಕ್ತಿ ಗೀತೆಯ ಕ್ಯಾಸೆಟ್ ಕೇಳಿಕೊಂಡು ಬರುತ್ತಿದ್ದರು, ನಾನು ಅದನ್ನೇ ಸ್ಪೀಕರ್‌ಗೆ ಹಾಕಿದ್ದೆ. ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ನಮ್ಮೂರಿನ ಒಬ್ಬರು ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿದ ಸುದ್ದಿ ನನಗೆ ಬಂತು. ಸ್ಪೀಕರ್ ಬಂದ್ ಮಾಡಿದೆ. ನಾನು ಅವರನ್ನು ಒಮ್ಮೆಯೂ ನೋಡಿದವನಲ್ಲ. ಆದರೆ ನಮ್ಮ ಶೆಲ್ಫಿನಲ್ಲಿ ಅರ್ಧಕ್ಕರ್ಧ ಅವರ ಮಾಲಿತ್ತು, ನನ್ನ ತಂಗಿಯ ಮದುವೆಗೆ ಕೂಡಿಟ್ಟ ದುಡ್ಡೂ ಆ ವ್ಯಾಪಾರದ್ದೇ. ಮನೆಯವರು ಹೋದ ಹಾಗೆ ಆಯಿತು.

ಆ ಕೊಲೆಯ ಕೇಸು ವರ್ಷಗಟ್ಟಲೆ ನಡೆಯಿತು. ಒಬ್ಬನಿಗೆ ಜೀವಾವಧಿ ಶಿಕ್ಷೆ ಆಯಿತು, 2021ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅದರ ವಿವರ ಬೇಕಾದಷ್ಟು ಬಂದಿದೆ, ನನಗೆ ಅದನ್ನು ಮತ್ತೆ ಕೆದಕುವ ಮನಸ್ಸಿಲ್ಲ.

ಕಂಪನಿ ಮಗ ಭೂಷಣ್ ಕುಮಾರ್ ಕೈಗೆ ಬಂದಾಗ ಅವರಿಗೆ 19 ವರ್ಷ. ಕ್ಯಾಸೆಟ್ ಹೋಯಿತು, ಸಿಡಿ ಬಂದು ಅದೂ ಹೋಯಿತು. ನಮ್ಮಂಥ ಸಾವಿರಾರು ಅಂಗಡಿ ಮುಚ್ಚಿದವು, ನನ್ನದು 2002ರಲ್ಲಿ. ಅವರು ಯೂಟ್ಯೂಬಿಗೆ ಹೋದರು. 2019ರ ಮೇ ತಿಂಗಳಲ್ಲಿ 10 ಕೋಟಿ ಚಂದಾದಾರರನ್ನು ಮುಟ್ಟಿದ ಪ್ರಪಂಚದ ಮೊದಲ ಯೂಟ್ಯೂಬ್ ಚಾನೆಲ್ ಟಿ-ಸೀರೀಸ್. ಕಡಿಮೆ ಬೆಲೆ, ಎಲ್ಲರ ಕೈಗೂ ಸಿಗಬೇಕು ಅನ್ನೋ ಅಪ್ಪನ ಲೆಕ್ಕವೇ ಅಲ್ಲಿ ಮುಂದುವರಿಯಿತು ಅಂತ ನನಗೆ ಕಾಣುತ್ತೆ. ಬೆಲೆ ಈಗ ಸೊನ್ನೆ ಆಯಿತು, ಅಷ್ಟೇ. ಇನ್ನೊಂದು ಕಡೆ ಕಾನೂನೂ ಬದಲಾಯಿತು. 2012ರ ತಿದ್ದುಪಡಿಯಲ್ಲಿ ಹಳೆ ಹಾಡನ್ನು ಬೇರೆಯವರಿಂದ ಹಾಡಿಸಲು ಕಾಯಬೇಕಾದ ಅವಧಿಯನ್ನು ಎರಡು ವರ್ಷದಿಂದ ಐದಕ್ಕೆ ಏರಿಸಿದರು. ಸಿನಿಮಾಕ್ಕೆ ಹಾಡು ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿಯ ಪಾಲನ್ನು ಬರೆದುಕೊಟ್ಟು ಬಿಡುವ ಹಾಗಿಲ್ಲ ಅಂತಲೂ ಮಾಡಿದರು. ಅದಕ್ಕಾಗಿ ಜಾವೇದ್ ಅಖ್ತರ್ ಅವರಂಥವರು ಸಂಸತ್ತಿನಲ್ಲೇ ನಿಂತು ಮಾತಾಡಬೇಕಾಯಿತು.

ಈಗ ನನ್ನ ಕೋರಿಕೆಗೆ ಬರುತ್ತೇನೆ.

ದಿಲ್ಲಿಯ ಕಥೆ ಹೇಗೋ ಬರೆಯಲ್ಪಡುತ್ತೆ. ನಮ್ಮ ಕನ್ನಡದ ಕ್ಯಾಸೆಟ್ ಕಾಲದ ಕಥೆಯನ್ನು ಯಾರು ಬರೆಯುತ್ತಾರೆ? ನಮ್ಮಲ್ಲೂ ಸಣ್ಣ ಅಂಗಡಿಯಿಂದ, ಸಣ್ಣ ದುಡ್ಡಿನಿಂದ ಕಂಪನಿ ಕಟ್ಟಿದವರಿದ್ದಾರೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಮೇಲೆ ಕವಿತೆ ಪುಸ್ತಕದಿಂದ ಇಳಿದು ಅಡುಗೆಮನೆಗೆ ಬಂತು. 1987ರಲ್ಲಿ 'ಪ್ರೇಮಲೋಕ' ಬಂದಾಗ ಲಹರಿ ಕಂಪನಿಯ ಆ ಕ್ಯಾಸೆಟ್ ಇಲ್ಲದ ಟೇಪ್ ರೆಕಾರ್ಡರ್ ಊರಲ್ಲಿ ಇರಲಿಲ್ಲ. ಅದೇ ಲಹರಿ 1991ರಲ್ಲಿ ಇಳಯರಾಜ ಸಂಗೀತದ ತಮಿಳು 'ದಳಪತಿ'ಯ ಹಾಡುಗಳನ್ನೂ ತಗೊಂಡಿತು. ಬೆಂಗಳೂರಿನ ಕನ್ನಡದ ಕಂಪನಿಯೊಂದು ಮದ್ರಾಸಿನ ಅಷ್ಟು ದೊಡ್ಡ ಸಿನಿಮಾದ ಹಾಡು ತರೋದು ಅಂದರೆ ಸಣ್ಣ ಧೈರ್ಯವಾ? ಮುಂದೆ 'ಕೆಜಿಎಫ್' ಹಾಡುಗಳಿಗೆ ಲಹರಿ ಮತ್ತು ಟಿ-ಸೀರೀಸ್ ಜೊತೆಯಾದಾಗ ನನಗೆ ನನ್ನ ಹಳೇ ಶೆಲ್ಫಿನ ಎರಡು ಸಾಲು ಒಂದಾದ ಹಾಗೆ ಅನ್ನಿಸಿತು. ಧೀರೇಂದ್ರ ಗೋಪಾಲ್ ಅವರ ಹರಿಕಥೆ ಕ್ಯಾಸೆಟ್ಟುಗಳನ್ನು ಹಳ್ಳಿಯ ಚಹಾ ಅಂಗಡಿಯಲ್ಲಿ ಹಾಕಿದರೆ ಬಸ್ಸಿಗೆ ಹೋಗುವವರು ಬಸ್ಸು ಬಿಟ್ಟು ಕೂರುತ್ತಿದ್ದರು. ಇವೆಲ್ಲ ಹೇಗೆ ಆದವು, ಯಾರು ದುಡ್ಡು ಹಾಕಿದರು, ಯಾರಿಗೆ ಎಷ್ಟು ಸಿಕ್ಕಿತು ಅಂತ ಗೊತ್ತಿರುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಕರಾವಳಿಯ ಒಂದು ವಿಷಯ ಹೇಳಲೇಬೇಕು. ಯಕ್ಷಗಾನದ ಭಾಗವತರು ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು, ತುಂಬಾ ಸಣ್ಣ ವಯಸ್ಸು. ಅವರ ಪದ ಇವತ್ತಿಗೂ ಕೇಳಲು ಸಿಗುತ್ತೆ ಅಂದರೆ ಅದಕ್ಕೆ ಕ್ಯಾಸೆಟ್ ಕಾರಣ. ಆಟದ ರಾತ್ರಿ ರಂಗಸ್ಥಳದ ಎದುರು ಟೇಪ್ ರೆಕಾರ್ಡರ್ ಇಟ್ಟು, ಮಡಿಲಲ್ಲಿ ಮೂರು ನಾಲ್ಕು ಖಾಲಿ ಕ್ಯಾಸೆಟ್ ಇಟ್ಟುಕೊಂಡು, ಸೈಡ್ ಮುಗಿದ ಕೂಡಲೇ ತಿರುಗಿಸಿ ಹಾಕಿ, ಬೆಳಗಿನವರೆಗೆ ತುಂಬಿಸಿದವರು ನೂರಾರು ಜನ. ನಡುವೆ ಮಕ್ಕಳ ಅಳು, ಕಡಲೆ ಮಾರುವವರ ಕೂಗು ಎಲ್ಲಾ ಕೇಳಿಸುತ್ತೆ. ನಮ್ಮ ಅಂಗಡಿಗೂ ಅಂಥ ಒಂದು ಕ್ಯಾಸೆಟ್ ಬಂದು, ಅದರಿಂದ ನಾವು ಎಷ್ಟೋ ಜನರಿಗೆ ತುಂಬಿಸಿ ಕೊಟ್ಟೆವು. ದನಿ ಉಳಿಯಿತು. ಆದರೆ ನಾವು ತೆಗೆದುಕೊಂಡ ತುಂಬಿಸುವ ಚಾರ್ಜಿನಲ್ಲಿ ಒಂದು ರೂಪಾಯಿಯೂ ಆ ಮನೆಗೆ ಹೋಗಲಿಲ್ಲ. ಗುಲ್ಶನ್ ಕುಮಾರ್ ಕಥೆಯಲ್ಲಿ ಇರುವ ಎರಡೂ ಮುಖ ನಮ್ಮ ಆರಡಿ ಅಂಗಡಿಯೊಳಗೂ ಇತ್ತು.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಭಾನುವಾರದ ಪುರವಣಿಯಲ್ಲಿ ಕೆಲವು ವಾರ ಕ್ಯಾಸೆಟ್ ಕಾಲಕ್ಕೆ ಜಾಗ ಕೊಡಿ. ಕಂಪನಿ ಕಟ್ಟಿದವರನ್ನು ಮಾತಾಡಿಸಿ. ರೆಕಾರ್ಡಿಂಗ್ ಥಿಯೇಟರಿನಲ್ಲಿ ಕೂತ ಎಂಜಿನಿಯರುಗಳನ್ನು, ಕವರಿಗೆ ಅಕ್ಷರ ಬರೆದ ಕಲಾವಿದರನ್ನು, ಹುಬ್ಬಳ್ಳಿಯ, ಬೆಂಗಳೂರಿನ ಹೋಲ್‌ಸೇಲ್ ಅಂಗಡಿಯವರನ್ನು, ಒಂದೇ ಸಲ ದುಡ್ಡು ತಗೊಂಡು ಹಾಡಿ ಮತ್ತೆ ಏನೂ ಸಿಗದ ಹಾಡುಗಾರರನ್ನೂ ಮಾತಾಡಿಸಿ. ಬೆಲೆ ಎಷ್ಟಿತ್ತು, ಲಾಭ ಎಷ್ಟಿತ್ತು, ತಪ್ಪು ಎಲ್ಲಿ ಆಯಿತು ಅಂತ ಕೇಳಿ. ಯಾರೂ ಬೇಸರ ಮಾಡಿಕೊಳ್ಳೋದಿಲ್ಲ, ಕೇಳುವವರು ಇಲ್ಲದೇ ಅವರು ಸುಮ್ನಿದ್ದಾರೆ. ನನ್ನ ಹತ್ತಿರ ಅಂಗಡಿಯ ಹಳೆಯ ಸ್ಟಾಕ್ ಪುಸ್ತಕಗಳಿವೆ, 1986ರಿಂದ. ಯಾವ ತಿಂಗಳು ಯಾವ ಕ್ಯಾಸೆಟ್ ಎಷ್ಟು ಬಂತು, ಎಷ್ಟು ಹೋಯಿತು ಅಂತ ಅಣ್ಣನ ಕೈಬರಹದಲ್ಲಿ ಇದೆ. ನಿಮ್ಮವರು ಯಾರಾದರೂ ಬರುವುದಾದರೆ ಕೊಡುತ್ತೇನೆ.

ಅಕ್ಕನ ಮಗಳು ಕೊನೆಗೆ ತನ್ನ ಭಾಷಣ ತಿದ್ದಿ ಬರೆದಳು. ಮುಕೇಶ್ ಕ್ಯಾಸೆಟ್ ವಾಪಸ್ ತಂದ ಮಾಸ್ತರ ವಿಷಯವನ್ನೂ ಸೇರಿಸಿದಳು. ಹತ್ತು ನಿಮಿಷ ಇದ್ದದ್ದು ಹದಿನೆಂಟು ನಿಮಿಷ ಆಯಿತಂತೆ, ಮೇಷ್ಟ್ರು ಬೆಲ್ ಹೊಡೆಯಲಿಲ್ಲವಂತೆ.

ಇಂತಿ,
ಹಳೇ ಕ್ಯಾಸೆಟ್ ಅಂಗಡಿಯವ
ಅಂಕೋಲಾ, ಉತ್ತರ ಕನ್ನಡ